ಕುಡಿತ ನಿಷೇಧ ಮಾಡಿದರೆ ಗ್ಯಾಂಗ್ ಹುಟ್ಟುತ್ತದೆ ಅನ್ನೋದು ನಿಜವಾ?

ಮಂಡಗದ್ದೆ ಹಕ್ಕಿ

ಹೋದ ವಾರ ನಮ್ಮೂರಲ್ಲಿ ಗ್ರಾಮಸಭೆ ಇತ್ತು. ತೀರ್ಥಹಳ್ಳಿ ಕಡೆ ಊರು, ಹೆಸರು ಬೇಡ. ರಸ್ತೆ, ನೀರು, ಮಂಗನ ಕಾಟ ಎಲ್ಲ ಮುಗಿದ ಮೇಲೆ ಸ್ತ್ರೀಶಕ್ತಿ ಸಂಘದ ಹೆಂಗಸರು ಎದ್ದರು. ಊರಲ್ಲಿ ಮೂರು ಗೂಡಂಗಡಿ ಇದೆ, ಮೂರರಲ್ಲೂ ಎಣ್ಣೆ ಸಿಗುತ್ತದೆ, ಬಂದ್ ಮಾಡಿಸಿ ಅಂದರು. ಒಬ್ಬರು ಇನ್ನೂ ಮುಂದೆ ಹೋಗಿ, "ಗುಜರಾತಲ್ಲಿ ಮಾಡಿದ ಹಾಗೆ ಇಡೀ ರಾಜ್ಯದಲ್ಲೇ ನಿಲ್ಲಿಸಲಿ" ಅಂದರು.

ಆಗ ಹಿಂದಿನ ಬೆಂಚಿಂದ ಒಬ್ಬ ಹುಡುಗ ಎದ್ದ. ಬೆಂಗಳೂರಲ್ಲಿ ಕೆಲಸ, ರಜಕ್ಕೆ ಬಂದಿದ್ದ. "ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ ಅಕ್ಕ. ಅಲ್ ಕಪೋನ್ ಅಂತ ಒಬ್ಬ ಡಾನ್ ಬಂದ. ಇಲ್ಲೂ ಗ್ಯಾಂಗ್ ಬರುತ್ತೆ, ಬೇಕಾ?" ಅಂದ. ಸಭೆ ತಣ್ಣಗಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತುಬಿಟ್ಟರು. ಪಿಡಿಒ ಒಂದು ಗುಟುಕು ನೀರು ಕುಡಿದು ಮುಂದಿನ ವಿಷಯಕ್ಕೆ ಹೋದರು.

ಹುಡುಗ ಹೇಳಿದ್ದು ಸುಳ್ಳಲ್ಲ ಅಂತ ಗೊತ್ತು. ಆದರೂ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತಾ ಇದೆ. 2020ರ ಲಾಕ್‌ಡೌನಲ್ಲಿ ಮೇ 4ರ ತನಕ, ಸುಮಾರು 40 ದಿನ, ರಾಜ್ಯದಲ್ಲಿ ಒಂದು ಎಣ್ಣೆ ಅಂಗಡಿಯೂ ತೆಗೆದಿರಲಿಲ್ಲ. ನಮ್ಮೂರಲ್ಲಿ ಕುಡಿತವೇನೂ ನಿಲ್ಲಲಿಲ್ಲ. ಆದರೆ ಗ್ಯಾಂಗೂ ಬರಲಿಲ್ಲ. ಹಾಗಾದರೆ ಎಲ್ಲಿ ಗ್ಯಾಂಗ್ ಬರುತ್ತದೆ, ಎಲ್ಲಿ ಬರಲ್ಲ? ತಿಳಿದವರು ಹೇಳಿ. ಮುಂದಿನ ಸಭೆಗೆ ನನಗೆ ಉತ್ತರ ಬೇಕು.

ಗಾಂಧಿಬಜಾರ್ ಗಡಿಯಾರ

ಹುಡುಗ ಅರ್ಧ ಕಥೆ ಹೇಳಿದ್ದಾನೆ. ಇನ್ನರ್ಧ ನಾನು ಹೇಳುತ್ತೇನೆ. ಚೂರು ಉದ್ದ ಆಗುತ್ತದೆ, ಕಾಫಿ ಇಟ್ಟುಕೊಳ್ಳಿ.

ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದಿದ್ದು 1920ರ ಜನವರಿ 17ಕ್ಕೆ. ಹೋಗಿದ್ದು 1933ರ ಡಿಸೆಂಬರ್ 5ಕ್ಕೆ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಏನು ಅಂದರೆ, ಅಲ್ಲಿ ಕುಡಿಯೋದು ಅಪರಾಧ ಆಗಿರಲಿಲ್ಲ. ತಯಾರಿ, ಮಾರಾಟ, ಸಾಗಾಟ ಅಪರಾಧ. ಕಾಯ್ದೆಗೆ ಮುಂಚೆ ಕೊಂಡಿಟ್ಟದ್ದನ್ನು ಮನೆಯಲ್ಲಿ ಕೂತು ಆರಾಮಾಗಿ ಕುಡಿಯಬಹುದಿತ್ತು. ಅಂದರೆ ಗಿರಾಕಿ ಹಾಗೇ ಉಳಿದ, ಅಂಗಡಿಯವನು ಮಾತ್ರ ಹೋದ. ಆ ಖಾಲಿ ಜಾಗಕ್ಕೆ ಯಾರು ಬರುತ್ತಾರೆ ಹೇಳಿ.

ಷಿಕಾಗೋದಲ್ಲಿ ಗ್ಯಾಂಗುಗಳು ಮೊದಲೂ ಇದ್ದವು. ಜೂಜು, ವೇಶ್ಯಾವಾಟಿಕೆ ನಡೆಸಿಕೊಂಡು, ವಾರ್ಡಿನ ರಾಜಕಾರಣಿ ಹೇಳಿದ ಕೆಲಸ ಮಾಡಿಕೊಂಡು ಇದ್ದ ಪುಡಿ ರೌಡಿಗಳು. 1920 ಆದ ಮೇಲೆ ಲೆಕ್ಕ ಉಲ್ಟಾ ಆಯಿತು. ದುಡ್ಡು ರೌಡಿ ಕೈಗೆ ಬಂತು, ರಾಜಕಾರಣಿ ಬಂದು ಕೈ ಚಾಚಿದ.

ಎಂತಕ್ಕೆ ಅಷ್ಟು ದುಡ್ಡು? ಬಿಯರ್ ನೋಡಿ. ಜೇಬಲ್ಲಿ ಇಟ್ಟುಕೊಂಡು ಹೋಗೋ ಸಾಮಾನಲ್ಲ. ಪೀಪಾಯಿ ಭಾರ, ವಾಸನೆ ಬೀದಿಗೆಲ್ಲ ಹಬ್ಬುತ್ತದೆ. ಬ್ರೂವರಿ ಬೇಕು, ಲಾರಿ ಬೇಕು, ಗ್ಯಾರೇಜು ಬೇಕು, ದಾರಿಯಲ್ಲಿ ಪೊಲೀಸರಿಗೆ ಕೊಡಬೇಕು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವನು ಕಪೋನನ ಬಾಸ್ ಜಾನಿ ಟೊರಿಯೊ. ಊರನ್ನು ತುಂಡು ತುಂಡು ಮಾಡಿ, ಇದು ನಿಂದು, ಇದು ನಂದು ಅಂತ ಬೇರೆ ಗ್ಯಾಂಗುಗಳ ಜೊತೆ ಒಪ್ಪಂದ ಮಾಡಿಕೊಂಡ. ಒಪ್ಪಂದ ಮುರಿಯಿತು. 1924ರ ನವೆಂಬರಲ್ಲಿ ಎದುರು ಗುಂಪಿನ ಡೀನ್ ಒಬಾನಿಯನ್ ತನ್ನದೇ ಹೂವಿನಂಗಡಿಯಲ್ಲಿ ಗುಂಡಿಗೆ ಸತ್ತ. ಎರಡು ತಿಂಗಳಿಗೆ ಟೊರಿಯೊಗೂ ಗುಂಡು ಬಿತ್ತು. ಬದುಕಿಕೊಂಡ, ವ್ಯವಹಾರ ಎಲ್ಲ ಕಪೋನ್ ಕೈಗೆ ಕೊಟ್ಟು ಊರು ಬಿಟ್ಟ. 1929ರ ಫೆಬ್ರುವರಿ 14ಕ್ಕೆ ಒಂದು ಗ್ಯಾರೇಜಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಹೊಡೆದರು. ಹೊಡೆಯಲು ಬಂದವರಲ್ಲಿ ಇಬ್ಬರು ಪೊಲೀಸ್ ಯೂನಿಫಾರ್ಮಲ್ಲಿ ಇದ್ದರು.

ಈ ಕೊಲೆಗಳೆಲ್ಲ ಕುಡಿದ ಮತ್ತಲ್ಲಿ ಆದವಲ್ಲ. ಸರಕು ತಗೊಂಡವನು ದುಡ್ಡು ಕೊಡದಿದ್ದರೆ ಕೋರ್ಟಿಗೆ ಹೋಗೋ ಹಾಗಿಲ್ಲ, ಅದಕ್ಕೆ ಆದವು. ನಮ್ಮಲ್ಲಿ ಅಡಿಕೆ ಮಂಡಿಯವನು ಬಾಕಿ ಇಟ್ಟರೆ ಎಪಿಎಂಸಿ ಇದೆ, ಚೆಕ್ ಬೌನ್ಸ್ ಕೇಸಿದೆ, ಏನೂ ಇಲ್ಲ ಅಂದರೆ ಊರ ಹಿರಿಯರಿದ್ದಾರೆ. ಷಿಕಾಗೋ ಬಿಯರಿಗೆ ಬಂದೂಕು ಒಂದೇ ಪಂಚಾಯ್ತಿ.

ಕಪೋನನನ್ನು ಕಡೆಗೂ ಹಿಡಿದಿದ್ದು ಎಣ್ಣೆ ಕೇಸಲ್ಲಲ್ಲ, ಕೊಲೆ ಕೇಸಲ್ಲೂ ಅಲ್ಲ. 1931ರಲ್ಲಿ, ಆದಾಯ ತೆರಿಗೆ ಕಟ್ಟಿಲ್ಲ ಅಂತ. 11 ವರ್ಷ ಶಿಕ್ಷೆ.

ಕೆಳದಿ ಕಿಟ್ಟಿ

ನಮ್ಮೂರ ಗೂಡಂಗಡಿಯವನೂ ತೆರಿಗೆ ಕಟ್ಟಲ್ಲ. ಮುಂದೇನು?

ರಿಪ್ಪನ್‌ಪೇಟೆ ಅಕ್ಕ

ಗಡಿಯಾರದಣ್ಣ, ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ.

ಹೆಂಗಸರು ಗೂಡಂಗಡಿ ಅಂದರೆ ಗಂಡಸರು ಷಿಕಾಗೋ ಅನ್ನುತ್ತಾರೆ. ಯಾವಾಗಲೂ ಹೀಗೇ. ನಾವು ಕೇಳಿದ್ದು ನಮ್ಮೂರ ಬಸ್‌ಸ್ಟಾಂಡ್ ಹತ್ತಿರ ಬೀಡಾ ಅಂಗಡಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ನೈಂಟಿ ಮಾರೋದು ನಿಲ್ಲಿಸಿ ಅಂತ. ಅದು ಈಗಲೇ ಕಾನೂನಿಗೆ ವಿರುದ್ಧ. ಅದಕ್ಕೆ ಹೊಸ ನಿಷೇಧ ಬೇಕಾಗಿಲ್ಲ, ಇರೋ ಕಾನೂನು ಸಾಕು.

ಇನ್ನೊಂದು. ಸಾರಾಯಿ ನಿಂತ ಕಾಲ ನನಗೆ ನೆನಪಿದೆ. 2007ರ ಜುಲೈ 1. ನಮ್ಮ ಜಿಲ್ಲೆಯವರೇ ಆದ ಯಡಿಯೂರಪ್ಪ ಆಗ ಹಣಕಾಸು ಮಂತ್ರಿ, ಕುಮಾರಸ್ವಾಮಿ ಮುಖ್ಯಮಂತ್ರಿ. ಅದಕ್ಕೂ ಮುಂಚೆ ನಮ್ಮೂರಲ್ಲಿ ಸಂಜೆ ಐದಕ್ಕೆ ಕೂಲಿ ಬಟವಾಡೆ ಆದರೆ ಏಳಕ್ಕೆ ಖಾಲಿ. ಗಂಡಸರು ಪ್ಯಾಕೆಟ್ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು ಹಾಗೇ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಹರಿದ ಪ್ಲಾಸ್ಟಿಕ್ಕು ಚರಂಡಿಯಲ್ಲಿ ರಾಶಿ ಬೀಳುತ್ತಿತ್ತು. ನಮ್ಮಮ್ಮ ಅಕ್ಕಿ ಡಬ್ಬದೊಳಗೆ ದುಡ್ಡು ಬಚ್ಚಿಡುತ್ತಿದ್ದರು. ಅಪ್ಪನಿಗೆ ಗೊತ್ತಾದ ಮೇಲೆ ಮೆಣಸಿನ ಡಬ್ಬಕ್ಕೆ ಬದಲಾಯಿಸಿದರು. ಕೈ ಉರಿಯುತ್ತದೆ ಅಂತ ಅಪ್ಪ ಅದಕ್ಕೆ ಕೈ ಹಾಕುತ್ತಿರಲಿಲ್ಲ.

ಸಾರಾಯಿ ನಿಂತ ಮೇಲೆ ಅಪ್ಪ ಕುಡಿಯೋದು ಬಿಡಲಿಲ್ಲ. ಆದರೆ ಬಾಟ್ಲಿ ತುಟ್ಟಿ, ಬಾರು ದೂರ. ವಾರದಲ್ಲಿ ಮೂರು ದಿನ ಮನೆಗೆ ನೆಟ್ಟಗೆ ಬರುತ್ತಿದ್ದರು. ಆ ಮೂರು ದಿನದ ಬೆಲೆ ಅಲ್ ಕಪೋನ್ ಕಥೆ ಹೇಳೋರಿಗೆ ಗೊತ್ತಾಗಲ್ಲ. ಗ್ಯಾಂಗ್ ಬಂತಾ ಆಗ? ನಮ್ಮೂರಿಗಂತೂ ಬರಲಿಲ್ಲ.

ಹಳೇ ಮೇಷ್ಟ್ರು, ಆನಂದಪುರ

ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಗ್ಯಾಂಗ್ ಬರಲಿಲ್ಲ ಅಂದಿರಲ್ಲ, ಹೋಯಿತು ಅನ್ನಿ.

ಸಾರಾಯಿ ಕಾನೂನುಬದ್ಧ ಆಗಿದ್ದಾಗ ವರ್ಷ ವರ್ಷ ಹರಾಜು ಆಗುತ್ತಿತ್ತು. ಅಬಕಾರಿ ವರ್ಷ ಜುಲೈ 1ಕ್ಕೆ ಶುರು. ಗೆದ್ದ ಗುತ್ತಿಗೆದಾರನಿಗೆ ಆ ಪ್ರದೇಶವೆಲ್ಲ ಅವನದೇ. ಬೇರೆ ಯಾರೂ ಒಂದು ತೊಟ್ಟು ಮಾರೋ ಹಾಗಿಲ್ಲ. ಕೋಟಿಗಟ್ಟಲೆ ಸುರಿದು ಹಿಡಿದಿದ್ದಾನೆ, ಯಾರೋ ಕಾಡಲ್ಲಿ ಭಟ್ಟಿ ಇಳಿಸಿದರೆ ಅವನ ಹೊಟ್ಟೆಗೆ ಹೊಡೆತ. ಅಬಕಾರಿಯವರು ಎಷ್ಟು ಅಂತ ಸುತ್ತುತ್ತಾರೆ? ಅದಕ್ಕೆ ಅವನೇ ಹುಡುಗರನ್ನು ಇಟ್ಟುಕೊಳ್ಳುತ್ತಿದ್ದ. ಜೀಪಲ್ಲಿ ರಾತ್ರಿ ಗಸ್ತು. ನಾನು ಶಿಕ್ಷಕನಾಗಿ ಇದ್ದ ಊರಲ್ಲಿ ಒಂದು ಸಲ ಮನೆ ಹಿಂದಿನ ಕೊಟ್ಟಿಗೆಗೆ ನುಗ್ಗಿ ಬಾನಿ ಎಲ್ಲ ಒಡೆದು ಹೋದರು. ಒಳಗಿದ್ದದ್ದು ಬಚ್ಚಲಿಗೆ ಅಂತ ಇಟ್ಟ ನೀರು. ಕೇಳೋರು ಯಾರು? ಅವರ ಹತ್ತಿರ ಲೈಸೆನ್ಸ್ ಇತ್ತು.

ಅವರನ್ನು ಏನಂತ ಕರೀತೀರಿ? ದೊಣ್ಣೆ ಇದೆ, ಜೀಪಿದೆ, ಏರಿಯಾ ಇದೆ. ನಿಷೇಧ ಮಾತ್ರ ಇಲ್ಲ. ಅದಕ್ಕೆ ನಾನು ಹೇಳೋದು, "ನಿಷೇಧ ಬಂದರೆ ಗ್ಯಾಂಗು" ಅನ್ನೋ ಸೂತ್ರ ಅಷ್ಟು ಸಲೀಸಲ್ಲ. ಎಲ್ಲಿ ಒಂದು ಏರಿಯಾ ಪೂರ್ತಿ ಒಬ್ಬನದೇ ಆಗುತ್ತದೋ ಅಲ್ಲಿ ದೊಣ್ಣೆ ಬರುತ್ತದೆ.

1981ರಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಜಾಸ್ತಿ ಜನ ಸತ್ತರು. ಆಗ ಸಾರಾಯಿ ಅಂಗಡಿ ಬೀದಿಬೀದಿಯಲ್ಲಿ ತೆರೆದೇ ಇತ್ತು. ಅದಕ್ಕಿಂತ ಅಗ್ಗಕ್ಕೆ ಸಿಗುತ್ತದೆ ಅಂತ ಕಳ್ಳಭಟ್ಟಿ ಕುಡಿದರು.

ಕೆಳದಿ ಕಿಟ್ಟಿ

ಮೇಷ್ಟ್ರೇ, ಬಚ್ಚಲು ನೀರು ಅಂತ ನೀವು ನಂಬಿದಿರಾ?

ಹಳೇ ಮೇಷ್ಟ್ರು, ಆನಂದಪುರ

ಕಿಟ್ಟಿ, ಅದು ನಮ್ಮ ಹೆಡ್‌ಮಾಸ್ಟರ ಮನೆ. ನಂಬಲೇಬೇಕಿತ್ತು.

ಗೇರುಗುಡ್ಡೆ, ಸಾಗರ

ಹಕ್ಕಿ ಕೇಳಿದ ಲಾಕ್‌ಡೌನ್ ವಿಷಯಕ್ಕೆ ಬರುತ್ತೇನೆ. ನಾನು ಕಣ್ಣಾರೆ ಕಂಡಿದ್ದು.

ಯುಗಾದಿ ದಿನವೇ ಎಲ್ಲ ಬಂದ್. ಅದು ಗೇರುಹಣ್ಣಿನ ಕಾಲ. ಬೇರೆ ವರ್ಷ ಬೀಜ ಕಿತ್ತುಕೊಂಡು ಹಣ್ಣು ಬುಡಕ್ಕೆ ಎಸೆಯುತ್ತಿದ್ದೆವು, ದನ ತಿನ್ನುತ್ತಿದ್ದವು. ಆ ವರ್ಷ ಗುಡ್ಡೆಯ ಮೇಲೆ ಒಂದು ಹಣ್ಣು ಉಳಿಯಲಿಲ್ಲ. ಎರಡನೇ ವಾರಕ್ಕೆ ಕೇರಿಗೆಲ್ಲ ಹುಳಿ ವಾಸನೆ. ಮಧ್ಯಾಹ್ನ ಬಿಸಿಲಿಗೆ ಇನ್ನೂ ಜಾಸ್ತಿ. ನಮ್ಮ ದೊಡ್ಡಪ್ಪ ಜಗಲಿಯಲ್ಲಿ ಕೂತು ಮೂಗು ಅರಳಿಸಿ, "ಇದು ಕೆಳಗಿನ ಮನೆಯದು, ಇನ್ನೂ ಎರಡು ದಿನ ಬೇಕು" ಅನ್ನುತ್ತಿದ್ದರು. ಮೂವತ್ತು ವರ್ಷದಿಂದ ಕುಡಿಯದ ಮನುಷ್ಯ.

ಪೇಟೆಯಲ್ಲಿ ಬೆಲ್ಲಕ್ಕೆ ಬಂದವರನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡುತ್ತಿದ್ದ. ಪಾಯಸಕ್ಕೆ ಬೇಕು ಅಂದರೂ ನಗುತ್ತಿದ್ದ. ಅಬಕಾರಿಯವರು ಬಂದು ಅಲ್ಲಲ್ಲಿ ಭಟ್ಟಿಗೆ ಅಂತ ಹುಳಿಯಲು ಇಟ್ಟ ಕೊಳೆ ಚೆಲ್ಲಿ ಹೋದರು.

ಈಗ ವಿಷಯ. ಹತ್ತು ಮನೆ ಇಳಿಸಿದರೆ ಹತ್ತೂ ಬೇರೆ ಬೇರೆ. ತನಗೆ, ಅಕ್ಕಪಕ್ಕಕ್ಕೆ, ಹೆಚ್ಚೆಂದರೆ ಪಕ್ಕದ ಮಜರೆಗೆ. ಸಾಲ ಕೊಟ್ಟವನಿಗೆ ದುಡ್ಡು ಬರಲಿಲ್ಲ ಅಂದರೆ ಮುಂದಿನ ಸಲ ಕೊಡಲ್ಲ, ಅಷ್ಟೇ. ಜಗಳ ಆಯಿತು, ಹೊಡೆದಾಟವೂ ಆಯಿತು, ಏರಿಯಾ ಹಂಚಿಕೆ ಆಗಲಿಲ್ಲ. ಹಣ್ಣು ಗುಡ್ಡೆಯಲ್ಲಿದೆ, ಪಾತ್ರೆ ಮನೆಯಲ್ಲಿದೆ, ಇದನ್ನು ಯಾವ ಡಾನ್ ಬಂದು ಹಿಡಿದುಕೊಳ್ಳುತ್ತಾನೆ?

ಆದರೆ ಅದೇ ಹೊತ್ತಲ್ಲಿ ಬಾಟ್ಲಿ ಬೇಕು ಅನ್ನೋರಿಗೆ ಒಂದು ಬೇರೆ ಲೋಕ ಇತ್ತು. ನೂರರ ಒಳಗಿನ ಕ್ವಾರ್ಟರ್ ಐನೂರಕ್ಕೆ. ಯಾರದೋ ಗೋದಾಮಿಂದ ಸ್ಟಾಕು, ತರಕಾರಿ ಪಾಸ್ ಅಂಟಿಸಿದ ಗಾಡಿ, ಚೆಕ್‌ಪೋಸ್ಟಲ್ಲಿ ಪರಿಚಯ. ಅದನ್ನು ಮಾಡಿದ್ದು ನಾಲ್ಕೇ ನಾಲ್ಕು ಜನ. ಆ ನಾಲ್ಕು ಜನಕ್ಕೂ ಒಬ್ಬನೇ ದೊಡ್ಡವನು. ಇನ್ನೊಬ್ಬ ಗಾಡಿ ತಂದ ದಿನ ರಾತ್ರಿ ಅವನ ಗಾಜು ಪುಡಿ ಆಗಿತ್ತು. ನಲವತ್ತು ದಿನಕ್ಕೇ ಹೀಗೆ, ಹದಿನಾಲ್ಕು ವರ್ಷ ಆಗಿದ್ದರೆ ನೋಡಿ.

ಭಟ್ಟಿ ಗ್ಯಾಂಗ್ ಮಾಡಲ್ಲ ಮಾರಾಯ್ರೇ. ಗಾಡಿ ಮಾಡುತ್ತದೆ.

ವೇದಿಕೆ ನಿರ್ವಾಹಕರು

ಗೇರುಹಣ್ಣಿನ ಪಾಕವಿಧಾನ ಕೇಳಿ ಬಂದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ದಯವಿಟ್ಟು ವಿಷಯಕ್ಕೆ ಅಂಟಿಕೊಳ್ಳಿ.

ಹೊಸನಗರ ಟು ಅಹಮದಾಬಾದ್

ಎಂಟು ವರ್ಷದಿಂದ ಇಲ್ಲಿದ್ದೇನೆ. ಊರ ಹೆಂಗಸರು ಗುಜರಾತ್ ಗುಜರಾತ್ ಅನ್ನುತ್ತಾರಲ್ಲ, ಚೂರು ಕೇಳಿ.

ಇಲ್ಲಿನ ಕಾಯ್ದೆ ಹಳೇ ಮುಂಬೈ ರಾಜ್ಯದ್ದು, 1949ರದ್ದು. 1960ರಲ್ಲಿ ಗುಜರಾತ್ ಬೇರೆ ಆದಾಗಲೂ ಹಾಗೇ ಉಳಿಯಿತು. ಬೀದಿಯಲ್ಲಿ ಬಾರಿಲ್ಲ. ರಾತ್ರಿ ಹನ್ನೊಂದಕ್ಕೆ ಹೆಂಗಸರು ಸ್ಕೂಟರಲ್ಲಿ ಐಸ್‌ಕ್ರೀಂ ತಿನ್ನಲು ಹೋಗುತ್ತಾರೆ. ನನ್ನ ಹೆಂಡತಿ ಇದೊಂದಕ್ಕೇ ಊರಿಗೆ ವಾಪಸ್ ಬರಲ್ಲ ಅನ್ನುತ್ತಾಳೆ. ಅದು ಸುಳ್ಳಲ್ಲ.

ಆದರೆ ಬೇಕು ಅನ್ನೋರಿಗೆ ಸಿಗುತ್ತದೆ. ಫೋನ್ ಮಾಡಿದರೆ ಬಾಗಿಲಿಗೆ ಬರುತ್ತದೆ. ರಾಜಸ್ಥಾನ, ಮಧ್ಯಪ್ರದೇಶ, ದಮನ್ ಎಲ್ಲ ಕಡೆ ಗಡಿ ಇದೆ, ಅಲ್ಲೆಲ್ಲ ಅಂಗಡಿ ತೆರೆದಿದೆ. ಇದರ ಮೇಲೆ ಒಬ್ಬ ಬೆಳೆದು ನಿಂತ, ಅಬ್ದುಲ್ ಲತೀಫ್. ಬಡ ಗಲ್ಲಿಯ ಹುಡುಗ, ಎಣ್ಣೆ ಸಾಗಿಸಿ ಸಾಗಿಸಿ ದೊಡ್ಡವನಾದ. 1987ರ ಅಹಮದಾಬಾದ್ ನಗರಪಾಲಿಕೆ ಚುನಾವಣೆಗೆ ಜೈಲಿಂದಲೇ ಐದು ವಾರ್ಡಲ್ಲಿ ನಿಂತ, ಐದರಲ್ಲೂ ಗೆದ್ದ. 1997ರಲ್ಲಿ ಪೊಲೀಸ್ ಎನ್‌ಕೌಂಟರಲ್ಲಿ ಸತ್ತ. ಅವನು ಹೋದ ಮೇಲೆ ಎಣ್ಣೆ ನಿಂತಿತಾ? ಇಲ್ಲ.

ಮುಂಬೈಯಲ್ಲೂ ಇದೇ ಕಥೆ. ವರದರಾಜನ್ ಮುದಲಿಯಾರ್ ರೈಲ್ವೆ ಸ್ಟೇಷನ್ನಲ್ಲಿ ಮೂಟೆ ಹೊರುತ್ತಿದ್ದವನು. ಮೊರಾರ್ಜಿ ದೇಸಾಯಿ ತಂದ ಪಾನನಿಷೇಧ ಅವನಿಗೆ ಬಂಡವಾಳ ಆಯಿತು. ಆಮೇಲೆ ಅಲ್ಲಿ ಕಾಯ್ದೆ ಸಡಿಲ ಮಾಡಿದರು. ಅಷ್ಟೊತ್ತಿಗೆ ಅವನ ಕೈಯಲ್ಲಿ ದುಡ್ಡಿತ್ತು, ಹುಡುಗರಿದ್ದರು, ಠಾಣೆಯಲ್ಲಿ ಪರಿಚಯ ಇತ್ತು. ಅಷ್ಟಿದ್ದವನು ಹೂವಿನ ವ್ಯಾಪಾರಕ್ಕೆ ಇಳಿಯುತ್ತಾನಾ?

ಗಾಂಧಿಬಜಾರ್ ಗಡಿಯಾರ

ಈ ಕಡೇ ಮಾತು ಮುಖ್ಯ. ಅಮೆರಿಕದಲ್ಲೂ 1933ರ ಆಮೇಲೆ ಕೊಲೆ ಕಮ್ಮಿ ಆಯಿತು, ಗ್ಯಾಂಗ್ ಮಾತ್ರ ಕರಗಲಿಲ್ಲ. ಜೂಜಿಗೆ, ಕಾರ್ಮಿಕ ಸಂಘಗಳಿಗೆ, ಡ್ರಗ್ಸಿಗೆ ಹೋಯಿತು. ಕಾಯ್ದೆ ರದ್ದಾದರೆ ಎಣ್ಣೆ ವಾಪಸ್ ಅಂಗಡಿಗೆ ಬರುತ್ತದೆ. ಎಣ್ಣೆಯಿಂದ ಬೆಳೆದವನು ವಾಪಸ್ ಮೂಟೆ ಹೊರಲು ಹೋಗಲ್ಲ.

ಭದ್ರಾವತಿ ಬಾಯ್ಲರ್

ಎಲ್ಲ ಸರಿ. ಆದರೆ ಬೆಂಗಳೂರು ಭೂಗತ ಲೋಕ? ಜಯರಾಜ್, ಕೊತ್ವಾಲ್ ಕಾಲದಲ್ಲಿ ಬಾರ್‌ಗಳೆಲ್ಲ ತೆರೆದೇ ಇದ್ದವು. ನಮ್ಮ ಶಿವಮೊಗ್ಗದ ರೌಡಿಗಳನ್ನೇ ತಗೊಳ್ಳಿ. ಓಸಿ ಚೀಟಿ ಅಂದರೆ ಮಟ್ಕಾ, ಮರಳು, ಗಾಂಜಾ, ಬಡ್ಡಿ. ಎಣ್ಣೆ ಎಲ್ಲಿದೆ ಇದರಲ್ಲಿ? ಸುಮ್ನೆ ಎಲ್ಲದಕ್ಕೂ ಪಾನನಿಷೇಧ ಅನ್ನಬೇಡಿ.

ಮಂಡಗದ್ದೆ ಹಕ್ಕಿ

ಬಾಯ್ಲರಣ್ಣ, ನೀವೇ ಉತ್ತರ ಕೊಟ್ಟಿರಿ. ಓಸಿ ನಿಷೇಧ ಇದೆ. ಗಾಂಜಾ ನಿಷೇಧ ಇದೆ. ಮರಳಿಗೆ ಪರ್ಮಿಟ್ ಸಿಗಲ್ಲ. ಮೀಟರ್ ಬಡ್ಡಿಗೆ ಕೋರ್ಟಿಲ್ಲ. ಎಲ್ಲದರಲ್ಲೂ ಗಿರಾಕಿ ಇದ್ದಾನೆ, ಅಂಗಡಿ ಇಲ್ಲ. ಎಣ್ಣೆ ಒಂದೇ ಅಂತ ಯಾರೂ ಹೇಳಲಿಲ್ಲ.

ಭದ್ರಾವತಿ ಬಾಯ್ಲರ್

ಹೂಂ. ಒಪ್ಪಿದೆ. ಅರ್ಧ.

ರಾತ್ರಿ ಪಾಳಿ

ನಾನು ನರ್ಸ್. ಎಲ್ಲಿ ಅಂತ ಬೇಡ. ಎರಡು ವಿಷಯ.

ಮೊದಲು ಅಕ್ಕನ ಪರವಾಗಿ. ಅಮೆರಿಕದ ಕಥೆಯಲ್ಲಿ ಗುಂಡಿನ ಲೆಕ್ಕ ಎಲ್ಲರೂ ಹೇಳುತ್ತಾರೆ. ಲಿವರ್ ಕಾಯಿಲೆಯಿಂದ ಸಾಯೋರು ಆ ವರ್ಷಗಳಲ್ಲಿ ಕಮ್ಮಿ ಇದ್ದರು ಅನ್ನೋದನ್ನು ಯಾರೂ ಹೇಳಲ್ಲ. ಕುಡಿತ ಶುರುವಲ್ಲಿ ಜೋರಾಗಿ ಇಳಿಯಿತು, ಆಮೇಲೆ ನಿಧಾನಕ್ಕೆ ಮೇಲೆ ಬಂತು, ಆದರೂ ಹಳೇ ಮಟ್ಟ ಮುಟ್ಟಲಿಲ್ಲ. ವಾರ್ಡಲ್ಲಿ ಹೊಟ್ಟೆ ಊದಿಸಿಕೊಂಡು, ಕಣ್ಣು ಹಳದಿ ಮಾಡಿಕೊಂಡು ಮಲಗಿರೋ ನಲವತ್ತರ ಗಂಡಸರನ್ನು ದಿನಾ ನೋಡುತ್ತೇನೆ. ಅವರನ್ನು ಯಾವ ಗ್ಯಾಂಗೂ ಹೊಡೆದಿಲ್ಲ.

ಎರಡನೇದು, ಕಳ್ಳಭಟ್ಟಿ ಸಾವು. ಜನ ಅಂದುಕೊಳ್ಳೋದು ಭಟ್ಟಿ ಕೆಟ್ಟು ವಿಷ ಆಗುತ್ತದೆ ಅಂತ. ಹಿಂಡುಗಟ್ಟಲೆ ಜನ ಸಾಯೋ ಕಡೆ ಆಗೋದು ಬೇರೆ. ಕಾರ್ಖಾನೆಗೆ ಅಂತ ಇರೋ ಮೆಥನಾಲನ್ನು ತಂದು ನೀರು ಬೆರೆಸಿ ಮಾರುತ್ತಾರೆ. ಅದು ಹೊಟ್ಟೆಗೆ ಹೋದ ಮೇಲೆ ಲಿವರಲ್ಲಿ ಫಾರ್ಮಿಕ್ ಆಮ್ಲ ಆಗುತ್ತದೆ. ಮೊದಲು ಕಣ್ಣಿಗೆ ಹೊಡೆತ. ಕುಡಿದ ತಕ್ಷಣ ಏನೂ ಗೊತ್ತಾಗಲ್ಲ, ಮಾರನೇ ದಿನ "ಮಂಜು ಮಂಜು ಕಾಣುತ್ತದೆ" ಅಂತ ಬರುತ್ತಾರೆ. ಆಗ ತಡ ಆಗಿರುತ್ತದೆ. ಹಾಗೆ ಯಾರಿಗಾದರೂ ಆದರೆ ಒಂದು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಕುಡಿದಿದ್ದು ಏನು ಅಂತ ಮುಚ್ಚಿಡದೆ ಹೇಳಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಸುಳ್ಳು ಹೇಳಿದವರೇ ಜಾಸ್ತಿ ಹೋಗೋದು. ನಿಷೇಧ ಇರೋ ಕಡೆ ಈ ಹೆದರಿಕೆ ಇನ್ನೂ ಜಾಸ್ತಿ.

2009ರಲ್ಲಿ ಅಹಮದಾಬಾದಲ್ಲಿ 130ಕ್ಕೂ ಜಾಸ್ತಿ ಜನ. 2022ರಲ್ಲಿ ಬೋಟಾದಲ್ಲಿ 40ಕ್ಕೂ ಜಾಸ್ತಿ. ಎರಡೂ ಗುಜರಾತ್. ಆದರೆ 2024ರ ಕಳ್ಳಕುರಿಚಿ ತಮಿಳುನಾಡು, ಅಲ್ಲಿ ಸರ್ಕಾರವೇ ಎಣ್ಣೆ ಮಾರುತ್ತದೆ, ಅಲ್ಲೂ 60ಕ್ಕೂ ಜಾಸ್ತಿ ಜನ ಸತ್ತರು. ನಮ್ಮಲ್ಲಿ ಸಾರಾಯಿ ನಿಂತ ಮಾರನೇ ವರ್ಷ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ, ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಕಡೆ ನೂರಕ್ಕೂ ಮೇಲೆ ಹೋದರು. ಬಡವನಿಗೆ ಕೈಗೆಟುಕೋದು ಯಾವುದೋ ಅದರಲ್ಲೇ ವಿಷ ಬೆರೆಸುತ್ತಾರೆ.

ರಿಪ್ಪನ್‌ಪೇಟೆ ಅಕ್ಕ

2008ರದ್ದು ನನಗೆ ಮರೆತೇ ಹೋಗಿತ್ತು ತಂಗಿ. ನೆನಪು ಮಾಡಿದ್ದು ಒಳ್ಳೆಯದಾಯಿತು. ನಮ್ಮ ಮನೆಗೆ ಮೂರು ದಿನ ಸಿಕ್ಕಿತು, ಇನ್ಯಾರದೋ ಮನೆಯಲ್ಲಿ ಹೆಣ ಬಂತು. ಇದನ್ನು ಹೇಗೆ ಕೂಡಿ ಕಳೆಯೋದು ನನಗೆ ಗೊತ್ತಿಲ್ಲ.

ಕರಿಕೋಟು

ಕೋರ್ಟಲ್ಲಿ ದಿನಾ ಅಬಕಾರಿ ಕೇಸು ನೋಡೋನು ನಾನು. ಗೂಡಂಗಡಿ ಲೆಕ್ಕ ಹೇಳುತ್ತೇನೆ, ಇದು ನಿಮ್ಮ ಗ್ರಾಮಸಭೆಗೆ ಷಿಕಾಗೋಗಿಂತ ಉಪಯೋಗ.

ನಮ್ಮ ರಾಜ್ಯದಲ್ಲಿ ಒಬ್ಬ ಮನುಷ್ಯ ತನ್ನ ಹತ್ತಿರ 2.3 ಲೀಟರ್ ತನಕ ಬ್ರಾಂದಿ, ವಿಸ್ಕಿ ಇಟ್ಟುಕೊಳ್ಳಬಹುದು. ಮಾರೋ ಹಾಗಿಲ್ಲ, ಇಟ್ಟುಕೊಳ್ಳಬಹುದು. 90 ಎಂಎಲ್ ಟೆಟ್ರಾ ಪ್ಯಾಕ್ 25 ಇಟ್ಟರೆ 2.25 ಲೀಟರ್. ಗೂಡಂಗಡಿಯವನು ಇದನ್ನು ನನಗಿಂತ ಚೆನ್ನಾಗಿ ಬಲ್ಲ. ಬಾಳೆಹಣ್ಣಿನ ಗೊನೆ ಹಿಂದೆ ಒಂದು ಚೀಲ, ಅದರಲ್ಲಿ ಇಪ್ಪತ್ತೈದು. ಖಾಲಿ ಆದರೆ ಮತ್ತೆ ಇಪ್ಪತ್ತೈದು. ರೇಡ್ ಆದರೆ "ನನಗೇ ಸ್ವಾಮಿ, ಕುಡಿಯಕ್ಕೆ" ಅನ್ನುತ್ತಾನೆ. ಮಾರೋ ಹೊತ್ತಲ್ಲೇ, ದುಡ್ಡು ಕೈ ಬದಲಾಗೋ ಹೊತ್ತಲ್ಲೇ ಹಿಡಿಯಬೇಕು. ಸಾಕ್ಷಿ ಹೇಳಬೇಕು. ಸಾಕ್ಷಿಗೆ ಯಾರು ಬರುತ್ತಾರೆ? ಅದೇ ಅಂಗಡಿಯಲ್ಲಿ ಹಾಲು, ಬೆಂಕಿಪೊಟ್ಟಣ ತರಬೇಕಲ್ಲ.

ಈ ಇಪ್ಪತ್ತೈದು ಆಕಾಶದಿಂದ ಬೀಳಲ್ಲ. ಲೈಸೆನ್ಸ್ ಇರೋ ಅಂಗಡಿಯಿಂದ ಒಬ್ಬ ಒಟ್ಟಿಗೆ ಎತ್ತುತ್ತಾನೆ, ಓಮ್ನಿಯಲ್ಲಿ ಹಾಕಿಕೊಂಡು ಹತ್ತು ಊರಿಗೆ ಹಂಚುತ್ತಾನೆ. ಗಾಡಿಯಲ್ಲಿ ಇರೋದು 2.3 ಲೀಟರಲ್ಲ, ಡಬ್ಬಗಟ್ಟಲೆ. ಹಿಡಿದರೆ ಅವನನ್ನು ಹಿಡಿಯಬೇಕು. ಗೇರುಗುಡ್ಡೆಯವರು ಹೇಳಿದ ಗಾಡಿ ಇದೇ.

ಬಿಹಾರದ ವಿಷಯ ಒಂದೇ ಮಾತು. 2016ರ ಏಪ್ರಿಲಲ್ಲಿ ಪೂರ್ತಿ ನಿಷೇಧ ಮಾಡಿದರು. ಕುಡಿದವನೂ ಜೈಲಿಗೆ. ಜಾಮೀನು ಅರ್ಜಿಗಳು ಎಷ್ಟು ತುಂಬಿದವು ಅಂದರೆ 2021ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಎನ್. ವಿ. ರಮಣ ಅವರೇ ಈ ಕಾಯ್ದೆಗೆ ಮುಂದಾಲೋಚನೆ ಇರಲಿಲ್ಲ ಅಂತ ಆಡಿ ತೋರಿಸಿದರು. ಮಾರನೇ ವರ್ಷ ಮೊದಲ ಸಲ ಸಿಕ್ಕಿಬಿದ್ದ ಕುಡುಕನಿಗೆ ದಂಡ ಸಾಕು ಅಂತ ತಿದ್ದಿದರು. ಕುಡಿದವನನ್ನು ಹಿಡಿಯೋದು ಸುಲಭ, ತೂರಾಡುತ್ತಾ ತಾನೇ ಎದುರಿಗೆ ಬರುತ್ತಾನೆ. ಲಾರಿ ಬರೋದು ರಾತ್ರಿ.

ಕೆಳದಿ ಕಿಟ್ಟಿ

ಗಣಪತಿ ಮೆರವಣಿಗೆ ದಿನ ಶಿವಮೊಗ್ಗದಲ್ಲಿ ಬಾರ್ ಬಂದ್. ಹಿಂದಿನ ದಿನ ಸಂಜೆ ವೈನ್‌ಶಾಪ್ ಮುಂದೆ ಕ್ಯೂ ನೋಡಿದ್ದೀರಾ? ಅರ್ಧ ಜನ ಕುಡಿಯಲು ನಿಂತವರಲ್ಲ, ನಾಳೆ ಮಾರಲು ನಿಂತವರು. ಒಂದು ದಿನದ ನಿಷೇಧಕ್ಕೆ ಒಂದು ದಿನದ ಕಪೋನ್.

ಗೇರುಗುಡ್ಡೆ, ಸಾಗರ

ಕಿಟ್ಟಿ ಈ ಸಲ ಸರಿಯಾಗಿ ಹೇಳಿದ. ಗೋವಾ ಎಣ್ಣೆಯೂ ಹಾಗೇ. ಇಲ್ಲಿ ನಿಷೇಧ ಇಲ್ಲ. ಆದರೆ ಅಲ್ಲಿ ತೆರಿಗೆ ಕಮ್ಮಿ, ಇಲ್ಲಿ ಜಾಸ್ತಿ, ಅಷ್ಟಕ್ಕೇ ಕಾರವಾರದ ಕಡೆಯಿಂದ ಘಟ್ಟ ಹತ್ತಿ ಬರುತ್ತದೆ. ಬೆಲೆ ಏರಿಸಿದಷ್ಟೂ ಅರ್ಧ ನಿಷೇಧ ಮಾಡಿದ ಹಾಗೆ.

ಮಂಡಗದ್ದೆ ಹಕ್ಕಿ

ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಸಭೆಯಲ್ಲಿ ನಾನು ಆ ಹುಡುಗನಿಗೆ ಹೀಗೆ ಹೇಳೋಣ ಅಂತ ಇದ್ದೇನೆ. ಗ್ಯಾಂಗ್ ಬರೋದು ಮನೆಯಲ್ಲಿ ಇಳಿಸೋದರಿಂದ ಅಲ್ಲ, ದೂರದಿಂದ ಗಾಡಿಯಲ್ಲಿ ತರೋದರಿಂದ. ನೀನು ಹೇಳಿದ ಕಪೋನ್ ಕೂಡ ಲಾರಿ ಮಾಲೀಕನೇ. ಇಡೀ ರಾಜ್ಯದ ನಿಷೇಧ ಬೇಡ ಅನ್ನೋದಕ್ಕೆ ನಿನ್ನ ಮಾತು ಸಾಕು, ಆದರೆ ಮೂರು ಗೂಡಂಗಡಿ ಹಾಗೇ ಇರಲಿ ಅನ್ನೋದಕ್ಕೆ ಸಾಲದು. ನಮ್ಮೂರಿಗೆ ಈಗಾಗಲೇ ಒಂದು ಗಾಡಿ ಬರುತ್ತಾ ಇದೆ.

ಅರ್ಜಿಯಲ್ಲಿ ಏನು ಬರೆಯೋದು ಅಕ್ಕ? "ಮದ್ಯಪಾನದ ಪಿಡುಗಿನಿಂದ ಗ್ರಾಮದ ಸ್ವಾಸ್ಥ್ಯ ಹದಗೆಟ್ಟಿದ್ದು" ಅಂತ ಶುರು ಮಾಡಿದ್ದೇನೆ.

ರಿಪ್ಪನ್‌ಪೇಟೆ ಅಕ್ಕ

ಅಯ್ಯೋ, ಅದನ್ನು ಅಳಿಸು ತಮ್ಮ. ಅಂಥ ಅರ್ಜಿ ನಾವು ಹನ್ನೆರಡು ಕೊಟ್ಟಿದ್ದೇವೆ. 2019ರಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ನಡೆದುಕೊಂಡೇ ಹೋದರು, ನಮ್ಮ ಸಂಘದಿಂದಲೂ ಇಬ್ಬರು ಹೋಗಿದ್ದರು, ಕಾಲು ಬೊಬ್ಬೆ ಬಂತು. ಸ್ವಾಸ್ಥ್ಯ ಅಂತ ಬರೆದರೆ ಫೈಲಿಗೆ ಹೋಗುತ್ತದೆ.

ಹೀಗೆ ಬರಿ. ಮಂಗಳವಾರ, ಶುಕ್ರವಾರ, ರಾತ್ರಿ ಎಂಟೂವರೆ ಆದ ಮೇಲೆ ಓಮ್ನಿ ಬರುತ್ತದೆ. ಬಿಳಿ ಬಣ್ಣ, ಹಿಂದಿನ ಗಾಜಿಗೆ ಕಪ್ಪು ಹಾಳೆ. ಮೊದಲು ಸೊಸೈಟಿ ಹತ್ತಿರ ನಿಲ್ಲುತ್ತದೆ, ಆಮೇಲೆ ಸೇತುವೆ. ಇಷ್ಟೇ. ಕೆಳಗೆ ಇಪ್ಪತ್ತು ಹೆಂಗಸರ ಸಹಿ. ಒಬ್ಬಿಬ್ಬರ ಸಹಿ ಬೇಡ, ಒಬ್ಬಿಬ್ಬರಾದರೆ ಅವರ ಮನೆ ಮೇಲೆ ಕಲ್ಲು ಬೀಳುತ್ತದೆ. ನಂಬರ್ ಕೂಡ ಹಾಕು.

ಮಂಡಗದ್ದೆ ಹಕ್ಕಿ

ಅಕ್ಕ, ಇದು ನಿಮ್ಮೂರ ಓಮ್ನಿಯಾ, ನಮ್ಮೂರದ್ದಾ? ನಮ್ಮಲ್ಲೂ ಬಿಳಿ, ನಮ್ಮಲ್ಲೂ ಸೊಸೈಟಿ ಹತ್ತಿರ. ಬರೋದು ಸೋಮವಾರ, ಗುರುವಾರ. ನಂಬರ್ ಕೆಎ 14

ವೇದಿಕೆ ನಿರ್ವಾಹಕರು

ಮೇಲಿನ ಪ್ರತಿಕ್ರಿಯೆಯಿಂದ ವಾಹನದ ಪೂರ್ತಿ ಸಂಖ್ಯೆಯನ್ನು ತೆಗೆದಿದ್ದೇವೆ. ದೂರು ಇದ್ದರೆ ಅಬಕಾರಿ ಇಲಾಖೆಗೆ ಕೊಡಿ, ಇಲ್ಲಿ ಹಾಕಬೇಡಿ.

ರಿಪ್ಪನ್‌ಪೇಟೆ ಅಕ್ಕ

ತೆಗೀರಿ ಪರವಾಗಿಲ್ಲ. ನಾನು ನೋಡಿಯಾಯ್ತು. ಅದೇ ಗಾಡಿ.